ಇರ್ಲಿ ಬುಡು, ಬೇಕಾಯ್ತದ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಒಂದು ಕಾಲದ ಪಾಳೆಯಗಾರರ ಊರು. 16ನೇ ಶತಮಾನದ ಆರಂಭದಲ್ಲಿ ವಿಜಯನಗರದ ಕೃಷ್ಣದೇವರಾಯನೇ ದಂಡೆತ್ತಿ ಬರುವಷ್ಟು ತಲೆನೋವು ಕೊಟ್ಟವರು ಇಲ್ಲಿನವರು. ಈಗ ಇಲ್ಲಿ ಭುಜಂಗೇಶ್ವರನ ಗುಡಿ ಇದೆ, ಗುಡ್ಡದ ಆಸುಪಾಸಿನಲ್ಲಿ ಮೇಯುವ ಕೃಷ್ಣಮೃಗಗಳಿವೆ, ಸುತ್ತ ಹೊಲಗಳಿವೆ. ಇಂಥ ಊರಿನ ಹಳೇ ನಾಡಹೆಂಚಿನ ಮನೆಯೊಂದರ ಅಟ್ಟ ಹತ್ತಿದರೆ ಆ ಮನೆಯವರ ಐವತ್ತು ವರ್ಷದ ಬೇಸಾಯವೆಲ್ಲ ಅಲ್ಲೇ ಕುಳಿತಿರುತ್ತದೆ. ಹಿಪ್ಪುನೇರಳೆ ಕಿತ್ತುಹಾಕಿ ಎಷ್ಟೋ ವರ್ಷವಾಗಿದ್ದರೂ ರೇಷ್ಮೆಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಂಕಿ ಗೋಡೆಗೆ ಒರಗಿ ನಿಂತಿರುತ್ತದೆ. ಎತ್ತು ಮಾರಿಹೋದರೂ ಎತ್ತಿನ ಕೊರಳ ಗಂಟೆ ಹೋಗಿರುವುದಿಲ್ಲ. ಕೂರಿಗೆ, ಕುಂಟೆ, ತಳ ಕಿತ್ತುಹೋದ ಕೊಳಗ, ಪಡಿತರ ಅಕ್ಕಿಯ ಖಾಲಿ ಚೀಲಗಳ ಕಟ್ಟು, ಮುಚ್ಚಳ ಕಳೆದುಕೊಂಡ ಹಾರ್ಲಿಕ್ಸ್ ಬಾಟಲಿಗಳು. ಇದ್ಯಾಕೆ ಅಂತ ಕೇಳಿದರೆ ಅಜ್ಜಿಯಿಂದ ಬರುವ ಉತ್ತರ ಒಂದೇ: ‘ಇರ್ಲಿ ಬುಡು, ಬೇಕಾಯ್ತದ.’

ಈ ಮಾತನ್ನು ಕಾಯಿಲೆ ಎನ್ನುವ ಮೊದಲು ಸ್ವಲ್ಪ ತಡೆಯಬೇಕು. ನಮ್ಮ ಸೀಮೆಯಲ್ಲಿ ಎತ್ತಿಡುವುದು ಬುದ್ಧಿವಂತಿಕೆ. ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ, ವರ್ಷಗಟ್ಟಲೆ ಕಾಪಾಡುತ್ತಿದ್ದವರು ನಾವು. ಮುಚ್ಚಿದ ಹಗೇವಿನೊಳಗೆ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ, ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ಅದು ಆರುತ್ತದೋ ಉರಿಯುತ್ತದೋ ನೋಡುತ್ತಿದ್ದರು. ಇಷ್ಟು ವಿಜ್ಞಾನ ಬಲ್ಲ ಜನರಿಗೆ ‘ಬೇಡದ್ದನ್ನು ಬಿಸಾಡಿ’ ಎಂದು ಉಪದೇಶ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಕಾಗದಪತ್ರದ ವಿಷಯದಲ್ಲಂತೂ ಎತ್ತಿಟ್ಟವನೇ ಗೆದ್ದ. 1974ರ ಭೂಸುಧಾರಣೆ ತಿದ್ದುಪಡಿಯ ಮೇಲೆ ಫಾರಂ 7 ಹಾಕಿಕೊಂಡ ಗೇಣಿದಾರನ ಮೊಮ್ಮಗನಿಗೆ ಇವತ್ತು ಆ ಕಾಗದದ ನಕಲು ಬೇಕಾಗಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾದರೆ ಮರಳಿ ಕೊಡಿಸುವ ಕಾಯ್ದೆ ಬಂದದ್ದು 1978ರಲ್ಲಿ. ಆ ಕಾಯ್ದೆಯಡಿ ಅರ್ಜಿ ಹಾಕುವ ಕುಟುಂಬಕ್ಕೆ ಅಜ್ಜನ ಕಾಲದ ಸಾಗುವಳಿ ಚೀಟಿಯೇ ಆಸ್ತಿ. ಪಹಣಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷ ಮೀರಿದರೂ ಕಂದಾಯದ ರಸೀದಿ ತೋರಿಸಿ ಎನ್ನುವವರು ಇನ್ನೂ ಇದ್ದಾರೆ. ಟ್ರಂಕಿನೊಳಗೆ ಹಳದಿಯಾದ ಕಾಗದ ಕೂಡಿಟ್ಟ ಹೆಂಗಸನ್ನು ನೋಡಿ ನಗುವ ಮಗ ಮುಂದೊಂದು ದಿನ ಅದೇ ಟ್ರಂಕಿನ ಬೀಗದ ಕೈ ಹುಡುಕುತ್ತಾನೆ.

ಹಾಗಾದರೆ ಕಾಯಿಲೆ ಎಲ್ಲಿಂದ ಶುರು?

ಒಂದು ಮನೆಯನ್ನು ಊಹಿಸಿಕೊಳ್ಳಿ. ಎಂಬತ್ತರ ಹತ್ತಿರದ ಹೆಂಗಸು, ಗಂಡ ತೀರಿಕೊಂಡಿದ್ದಾನೆ, ಮಗ ಬೆಂಗಳೂರಿನಲ್ಲಿ, ಮಗಳು ಗುಂಡ್ಲುಪೇಟೆಗೆ ಸೊಸೆಯಾಗಿ ಹೋಗಿದ್ದಾಳೆ. ಜಗುಲಿಯ ಮೇಲೆ ಮೂರು ಸಾಲು ಗೋಣಿಚೀಲ, ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ. ಒಳಗೆ ಪಡಸಾಲೆಯಲ್ಲಿ ಸೊಂಟದ ಎತ್ತರಕ್ಕೆ ಬಟ್ಟೆಗಂಟು, ಅದರ ಮೇಲೆ ಪ್ಲಾಸ್ಟಿಕ್ ಕವರೊಳಗೆ ಕವರು, ಅದರೊಳಗೆ ಮತ್ತೆ ಕವರು. ಗಂಟುಗಳ ನಡುವೆ ಒಂದೂವರೆ ಅಡಿ ಓಣಿ. ಮಂಚದ ಮೇಲೆ ಸಾಮಾನು, ಆಕೆ ಮಲಗುವುದು ಒಲೆಯ ಪಕ್ಕ, ಕಾಲು ಮಡಚಿಕೊಂಡು. ಅಡುಗೆ ಕಟ್ಟೆಯಲ್ಲಿ ಒಂದು ಪಾತ್ರೆ ಇಡುವಷ್ಟೇ ಜಾಗ. ಮದುವೆ ಪತ್ರಿಕೆಗಳು, ಮಾತ್ರೆಯ ಖಾಲಿ ಹಾಳೆಗಳು, ಹೂವಿನ ಒಣಗಿದ ದಾರ, ಮೊಮ್ಮಗನ ಒಂದನೇ ಕ್ಲಾಸಿನ ನೋಟ್‌ಬುಕ್ಕು. ಯಾವುದನ್ನು ಮುಟ್ಟಿದರೂ ಆಕೆಯ ಕೈ ನಡುಗುತ್ತದೆ.

ಈ ಮನೆಗೂ ಮೊದಲು ಕಂಡ ಅಟ್ಟಕ್ಕೂ ಇರುವ ವ್ಯತ್ಯಾಸ ಸಾಮಾನಿನ ತೂಕದಲ್ಲಿಲ್ಲ. ಅಟ್ಟದ ಸಾಮಾನು ಅಟ್ಟದಲ್ಲೇ ಇದೆ. ಇಲ್ಲಿ ಸಾಮಾನು ಮಂಚ, ಒಲೆ, ಬಾಗಿಲನ್ನೇ ಆಕ್ರಮಿಸಿದೆ. ಜೊತೆಗೆ, ಎಸೆಯುವ ಮಾತೆತ್ತಿದರೆ ಹುಟ್ಟುವ ಸಂಕಟ ಆ ವಸ್ತುವಿನ ಬೆಲೆಗೆ ತಾಳೆಯಾಗುವುದೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯ ಐದನೇ ಆವೃತ್ತಿ ತಂದಾಗ ಇದನ್ನು ‘ಹೋರ್ಡಿಂಗ್ ಡಿಸಾರ್ಡರ್’ ಎಂದು ಸ್ವತಂತ್ರ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಜಾರಿಗೆ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಇದನ್ನು ಒಸಿಡಿ, ಅಂದರೆ ಗೀಳು ಕಾಯಿಲೆಯ ಒಂದು ಲಕ್ಷಣ ಎಂದೋ, ಒಂದು ಬಗೆಯ ಜಿಗುಟು ಸ್ವಭಾವ ಎಂದೋ ಎಣಿಸುತ್ತಿದ್ದರು. ಈ ಬರಹದಲ್ಲಿ ಕೂಡಿಡುವ ಕಾಯಿಲೆ ಎನ್ನೋಣ.

ತೀವ್ರತೆ ಅಳೆಯಲು ಸಂಶೋಧಕರು ಬಳಸುವ ಒಂದು ಸಲಕರಣೆ ಚಿತ್ರಗಳದ್ದು. ಅಡುಗೆಮನೆ, ಮಲಗುವ ಕೋಣೆ, ಕೂರುವ ಕೋಣೆ, ಒಂದೊಂದಕ್ಕೂ ಒಂಬತ್ತು ಫೋಟೊ. ಮೊದಲನೆಯದರಲ್ಲಿ ಓರಣವಾದ ಕೋಣೆ, ಒಂಬತ್ತನೆಯದರಲ್ಲಿ ಸೂರಿನವರೆಗೆ ಸಾಮಾನು. ನಿಮ್ಮ ಮನೆ ಯಾವುದನ್ನು ಹೋಲುತ್ತದೆ ಎಂದು ತೋರಿಸಬೇಕು. ನಾಲ್ಕನೆಯದೋ ಅದಕ್ಕಿಂತ ಮೇಲಿನದೋ ಆದರೆ ಗಮನ ಕೊಡಬೇಕಾದ ಸ್ಥಿತಿ. ಜಾಣ ಉಪಾಯ, ಓದು ಬರದವರಿಗೂ ಒದಗುತ್ತದೆ. ಆದರೆ ಆ ಫೋಟೊಗಳಲ್ಲಿರುವುದು ಸೋಫಾ ಹಾಕಿದ ಅಮೆರಿಕದ ಮನೆ. ಪಡಸಾಲೆಯೇ ಉಗ್ರಾಣವೂ ಮಲಗುವ ಜಾಗವೂ ಆಗುವ ನಮ್ಮ ಮನೆಗಳಿಗೆ ಬೇರೆ ಪ್ರಶ್ನೆ ಬೇಕು. ನನಗೆ ತೋಚಿದ್ದು ಇದು: ಆ ಮನೆಯಲ್ಲಿ ಹಬ್ಬಕ್ಕೆ ಸುಣ್ಣ ಬಳಿದು ಎಷ್ಟು ವರ್ಷವಾಯಿತು? ಮೈಸೂರು ಸೀಮೆಯಲ್ಲಿ ಮಾರ್ನಮಿಗೋ ಯುಗಾದಿಗೋ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ, ಪಾತ್ರೆ ತೊಳೆದು, ಬಟ್ಟೆ ಒಗೆದು, ಗೋಡೆಗೆ ಸುಣ್ಣ ಹೊಡೆದು, ಮುರಿದದ್ದನ್ನು ಆಚೆ ಹಾಕಿ, ಉಳಿದದ್ದನ್ನು ಒಳಗಿಡುತ್ತಾರೆ. ವರ್ಷಕ್ಕೊಮ್ಮೆ ಪ್ರತಿ ವಸ್ತುವಿನ ಬಗ್ಗೆಯೂ ತೀರ್ಮಾನವಾಗುತ್ತದೆ. ಕೂಡಿಡುವ ಕಾಯಿಲೆಯ ಮನೆಯಲ್ಲಿ ಈ ಚಕ್ರ ನಿಂತುಹೋಗಿರುತ್ತದೆ. ಮೊದಲು ಸುಣ್ಣ ನಿಲ್ಲುತ್ತದೆ, ಆಮೇಲೆ ಹಬ್ಬಕ್ಕೆ ನೆಂಟರನ್ನು ಕರೆಯುವುದು ನಿಲ್ಲುತ್ತದೆ, ಕೊನೆಗೆ ಬಾಗಿಲಿಗೆ ಬಂದವರನ್ನು ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುವುದು ರೂಢಿಯಾಗುತ್ತದೆ.

ಊರವರು ಇದಕ್ಕೆ ಕೊಡುವ ಕಾರಣ ಸಿದ್ಧವಿರುತ್ತದೆ: ‘ಬಡತನ ಕಂಡವರು, ಬರ ಕಂಡವರು.’ ಬರದ ನೆನಪು ಇಲ್ಲಿ ಆಳವಾಗಿದೆ, ನಿಜ. 1876–78ರ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂದು ಎಂಬತ್ತು ದಾಟಿದವರು ಆ ಕ್ಷಾಮ ಕಂಡವರಲ್ಲ, ಆದರೆ ಅರವತ್ತರ ದಶಕದ ಮಳೆಯಿಲ್ಲದ ವರ್ಷಗಳನ್ನು, ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ, ಜೋಳಕ್ಕೆ ಸಾಲು ನಿಂತದ್ದನ್ನು ಬಲ್ಲವರು. ಹಸಿವು ಕಂಡವರು ಕೂಡಿಡುತ್ತಾರೆ ಎಂಬ ವಿವರಣೆ ಕೇಳಲು ಎಷ್ಟು ಸಮಂಜಸವೆಂದರೆ ಅದನ್ನು ಪರೀಕ್ಷಿಸಬೇಕೆಂದೇ ಅನ್ನಿಸುವುದಿಲ್ಲ.

ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಸ್ಮಿತ್ ಕಾಲೇಜಿನ ಮನಶ್ಶಾಸ್ತ್ರಜ್ಞ ರ‍್ಯಾಂಡಿ ಫ್ರಾಸ್ಟ್ 1993ರಲ್ಲಿ ಈ ವಿಷಯದ ಮೊದಲ ವ್ಯವಸ್ಥಿತ ಅಧ್ಯಯನಗಳಲ್ಲಿ ಒಂದನ್ನು ಪ್ರಕಟಿಸಿದಾಗ, ಚಿಕ್ಕಂದಿನ ಬಡತನಕ್ಕೂ ಕೂಡಿಡುವುದಕ್ಕೂ ಅವರಿಗೆ ನಂಟು ಸಿಗಲಿಲ್ಲ. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿವೆ. ಸಿಕ್ಕ ನಂಟು ಬೇರೆಯದು: ಸಾವು, ಹಿಂಸೆ, ಬಿಟ್ಟುಹೋದವರು, ಒಟ್ಟಿನಲ್ಲಿ ಮನಸ್ಸನ್ನು ಅಲುಗಾಡಿಸಿದ ಘಟನೆಗಳು. ಇನ್ನೊಂದು ನಂಟು ರಕ್ತದ್ದು. ಬ್ರಿಟನ್ನಿನ ಸಾವಿರಾರು ಅವಳಿಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಪ್ರವೃತ್ತಿಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಅರ್ಧದಷ್ಟು ವಂಶವಾಹಿಯ ಪಾಲು. ಒಂದೇ ಬರ ಕಂಡ ಒಂದೇ ಬೀದಿಯ ಹತ್ತು ಮನೆಗಳಲ್ಲಿ ಒಂದೇ ಮನೆ ತುಂಬಿಕೊಳ್ಳುವುದು ಏಕೆ ಎಂಬುದಕ್ಕೆ ಬರಕ್ಕಿಂತ ಇವು ಒಳ್ಳೆಯ ಉತ್ತರ. ಬರ ಏನನ್ನು ಕೂಡಿಡಬೇಕೆಂದು ಕಲಿಸಿರಬಹುದು, ಅಷ್ಟೆ. ನಗರದಲ್ಲಿ ಹಳೇ ಪತ್ರಿಕೆ, ಇಲ್ಲಿ ಗೋಣಿಚೀಲ.

ತಲೆಯೊಳಗೆ ನಡೆಯುವುದೇನು ಎಂಬುದಕ್ಕೆ ಡೇವಿಡ್ ಟೋಲಿನ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಜನರಿಗೆ ಅವರ ಮನೆಗೆ ಅಂಚೆಯಲ್ಲಿ ಬಂದ ಬೇಡದ ಕಾಗದಗಳನ್ನು ತರಲು ಹೇಳಿದರು. ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಒಂದೊಂದೇ ಕಾಗದದ ಚಿತ್ರ ತೋರಿಸಿ, ಇಟ್ಟುಕೊಳ್ಳುತ್ತೀರಾ, ಚೂರು ಮಾಡಲೇ ಎಂದು ಕೇಳಿದರು. ಅರ್ಧ ಕಾಗದಗಳು ಅವರವು, ಅರ್ಧ ಪ್ರಯೋಗಾಲಯದವು. ಚೂರು ಮಾಡಿ ಎಂದದ್ದನ್ನು ನಿಜವಾಗಿಯೂ ಚೂರು ಮಾಡುತ್ತಿದ್ದರು. ಗೀಳು ಕಾಯಿಲೆಯವರು, ಆರೋಗ್ಯವಂತರು, ಕೂಡಿಡುವ ಕಾಯಿಲೆಯವರು ಮೂರೂ ಗುಂಪು ಇದ್ದವು. ಕೂಡಿಡುವವರಲ್ಲಿ ಸ್ವಂತ ಕಾಗದದ ಸರದಿ ಬಂದಾಗ ಮಿದುಳಿನ ಎರಡು ಭಾಗಗಳು, ಮುಂಭಾಗದ ಸಿಂಗ್ಯುಲೇಟ್ ಮತ್ತು ಇನ್ಸುಲಾ, ಅತಿಯಾಗಿ ಕೆಲಸ ಮಾಡುತ್ತಿದ್ದವು. ತಪ್ಪು ಮಾಡುತ್ತಿದ್ದೇನೆ, ಇದು ಮುಖ್ಯ, ಏನೋ ಸರಿಯಿಲ್ಲ ಎಂಬ ಎಚ್ಚರಿಕೆ ಹುಟ್ಟುವುದರಲ್ಲಿ ಈ ಭಾಗಗಳ ಪಾತ್ರ ದೊಡ್ಡದು. ಬೇರೆಯವರ ಕಾಗದ ಬಂದಾಗ ಅದೇ ಭಾಗಗಳು ಉಳಿದವರಿಗಿಂತ ಮಂಕಾಗಿದ್ದವು.

ನೆರೆಮನೆಯ ಕೊಟ್ಟಿಗೆಯನ್ನು ಒಂದು ಬೆಳಗಿನಲ್ಲಿ ಚೊಕ್ಕ ಮಾಡಿಕೊಡುವ ಅಜ್ಜಿ ತನ್ನ ಕವರೊಂದನ್ನು ಎಸೆಯಲಾರಳು ಎಂಬುದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಕೆಗೆ ಪ್ರತಿ ಕವರೂ ಒಂದೊಂದು ಜಾತಿ. ಇದರ ಹಿಡಿ ಗಟ್ಟಿ, ಇದು ನಂಜನಗೂಡಿನ ಜಾತ್ರೆಯದು, ಇದರಲ್ಲಿ ಮಗಳು ಸೀರೆ ತಂದಿದ್ದಳು. ‘ಕವರುಗಳು’ ಎಂದು ಒಟ್ಟು ಮಾಡಿ ನೂರರಲ್ಲಿ ತೊಂಬತ್ತು ಆಚೆ ಹಾಕುವುದು ನಮಗೆ ಒಂದು ತೀರ್ಮಾನ, ಆಕೆಗೆ ತೊಂಬತ್ತು. ಈ ಕಾಯಿಲೆಯವರು ತಮ್ಮ ವಸ್ತುಗಳನ್ನು ವಿಂಗಡಿಸುವಾಗ ಹೆಚ್ಚು ಗುಂಪು ಮಾಡುತ್ತಾರೆ, ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ, ಹೆಚ್ಚು ಸಂಕಟಪಡುತ್ತಾರೆ ಎಂದು ಪ್ರಯೋಗಗಳೂ ತೋರಿಸಿವೆ. ಜೊತೆಗೆ ತಮ್ಮ ನೆನಪಿನ ಮೇಲೆ ಅವರಿಗೆ ನಂಬಿಕೆ ಕಡಿಮೆ. ಕಣ್ಣಿಗೆ ಕಾಣುವಂತೆ ಹರಡಿಕೊಂಡಿದ್ದರೆ ಮಾತ್ರ ಇದೆ, ಬೀರುವಿನೊಳಗೆ ಹೋದರೆ ಹೋಯಿತು. ಪಾಪ, ಎಷ್ಟೋ ಮಕ್ಕಳು ಅವ್ವನಿಗೆಂದು ಗಾಡ್ರೆಜ್ ಬೀರು ತಂದುಕೊಡುತ್ತಾರೆ. ಬೀರು ಬಂದ ಮೇಲೆ ಓಣಿ ಇನ್ನಷ್ಟು ಕಿರಿದಾಗುತ್ತದೆ.

ಇದು ಮುಪ್ಪಿನ ಕಾಯಿಲೆಯಂತೆ ಕಂಡರೂ ಬೇರು ಹರೆಯದಲ್ಲಿದೆ. ಹನ್ನೊಂದರಿಂದ ಹದಿನೈದು ವರ್ಷದೊಳಗೆ ಲಕ್ಷಣ ಮೊಳೆತು, ನಡುವಯಸ್ಸಿನ ಹೊತ್ತಿಗೆ ತೊಡಕಾಗಿ, ಹತ್ತತ್ತು ವರ್ಷಕ್ಕೂ ಬಲಿಯುತ್ತಾ ಹೋಗುವುದು ಸಾಮಾನ್ಯ ದಾರಿ. ಒಟ್ಟು ವಯಸ್ಕರಲ್ಲಿ ನೂರಕ್ಕೆ ಎರಡೋ ಮೂರೋ ಜನರಲ್ಲಿ ಕಾಣುವ ಈ ಕಾಯಿಲೆ ಅರವತ್ತೈದು ದಾಟಿದವರಲ್ಲಿ ನೂರಕ್ಕೆ ಆರರ ಆಸುಪಾಸಿನಲ್ಲಿದೆ ಎಂದು ನೆದರ್ಲೆಂಡ್ಸ್‌ನ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ನಮ್ಮಲ್ಲಿ ಹಳ್ಳಿ ಹಳ್ಳಿ ಸುತ್ತಿ ಮಾಡಿದ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 200 ಗೀಳು ಕಾಯಿಲೆಯ ರೋಗಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನಕ್ಕೆ ಗಮನಾರ್ಹ ಮಟ್ಟದ ಕೂಡಿಡುವಿಕೆ ಇತ್ತು. ಅವರು ಬೇರೆ ತೊಂದರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು. ಕೂಡಿಡುವುದನ್ನೇ ಕಾಯಿಲೆಯೆಂದು ತಿಳಿದು ಬರುವವರು ವಿರಳ.

ಹರೆಯದಿಂದ ಇದ್ದದ್ದು ಮುಪ್ಪಿನಲ್ಲಿ ಎದ್ದು ಕಾಣುವುದೇಕೆ? ಕೂಡು ಕುಟುಂಬದಲ್ಲಿ ಅತ್ತೆ ಬೈದು ಎಸೆಸುತ್ತಿದ್ದಳು, ಗಂಡ ಗುಜರಿಗೆ ಹಾಕುತ್ತಿದ್ದ, ಮಕ್ಕಳು ಜಾಗಕ್ಕೆ ಜಗಳವಾಡುತ್ತಿದ್ದರು. ಈ ತಡೆಗಳು ಒಂದೊಂದಾಗಿ ಮನೆ ಬಿಟ್ಟವು. ಮಂಡಿ ನೋವಿನಿಂದ ಎತ್ತಿಡಲು ಆಗುವುದಿಲ್ಲ, ಕಣ್ಣು ಮಂಜು, ಅಟ್ಟ ಹತ್ತುವಂತಿಲ್ಲ. ವಿಂಗಡಿಸಿ ಯೋಚಿಸುವ ಶಕ್ತಿ ವಯಸ್ಸಿನೊಂದಿಗೆ ಎಲ್ಲರಲ್ಲೂ ಸ್ವಲ್ಪ ತಗ್ಗುತ್ತದೆ, ಮೊದಲೇ ಅದು ಕುಂಟುತ್ತಿದ್ದವರಲ್ಲಿ ಪೂರ್ತಿ ಕುಳಿತುಬಿಡುತ್ತದೆ. ಅರ್ಧದಷ್ಟು ಜನರಲ್ಲಿ ಖಿನ್ನತೆಯೂ ಜೊತೆಗಿರುತ್ತದೆ.

ಆದ್ದರಿಂದ ಮನೆಯವರನ್ನು ಕೇಳಬೇಕಾದ ಮೊದಲ ಮಾತು ‘ಯಾವಾಗಿನಿಂದ?’ ಎಂಬುದು. ‘ಅವ್ವ ಮೊದ್ಲಿಂದ್ಲೂ ಹಿಂಗೇಯ’ ಎಂದರೆ ಒಂದು ದಾರಿ. ‘ಎರಡು ವರ್ಷದಿಂದ ಈಚೆಗೆ, ಅದಕ್ಕೂ ಮುಂಚೆ ಮನೆ ಕನ್ನಡಿಯಂಗಿತ್ತು’ ಎಂದರೆ ದಾರಿಯೇ ಬೇರೆ. ಅರವತ್ತರ ಮೇಲೆ ಹೊಸದಾಗಿ ಶುರುವಾದ ಕೂಡಿಡುವಿಕೆ ಮಿದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾ, ಅಲ್ಝೈಮರ್, ಲಕ್ವ, ತೀವ್ರ ಖಿನ್ನತೆ, ಇವುಗಳ ಸೂಚನೆಯಾಗಿರಬಹುದು. ಮಿದುಳಿನ ಮುಂಭಾಗದ ಒಳಮೈಗೆ ಪೆಟ್ಟಾದ ಮೇಲೆ, ಅದುವರೆಗೆ ಸಾಮಾನ್ಯರಂತಿದ್ದವರು ಉಪಯೋಗವಿಲ್ಲದ್ದನ್ನೆಲ್ಲ ಒಟ್ಟುಮಾಡತೊಡಗಿದ್ದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಇಂಥವರು ತಂದ ವಸ್ತು ಏಕೆ ಬೇಕೆಂದು ಹೇಳಲಾರರು, ಕೆಲವರು ಕೊಳೆತ ಅನ್ನವನ್ನೂ ಬಚ್ಚಿಡುತ್ತಾರೆ, ಎಸೆದರೆ ಅಷ್ಟಾಗಿ ಸಂಕಟವನ್ನೂ ಪಡುವುದಿಲ್ಲ. ಅವರಿಗೆ ಬೇಕಾದದ್ದು ಸಾಮಾನಿನ ಮಾತಲ್ಲ, ನರರೋಗದ ತಪಾಸಣೆ. ರಕ್ತದಲ್ಲಿ ಬಿ12, ಥೈರಾಯ್ಡ್ ನೋಡುವುದರಿಂದಲೇ ಶುರುಮಾಡಬಹುದು.

ಮಕ್ಕಳು ಸಾಮಾನ್ಯವಾಗಿ ಮಾಡುವುದೇನೆಂದರೆ, ಹಬ್ಬದ ರಜೆಗೆ ಬಂದಾಗ ಅವ್ವನನ್ನು ಯಾವುದೋ ಮದುವೆಗೆ ಕಳಿಸಿ, ಗುಜರಿಯವನನ್ನು ಕರೆಸಿ, ಎರಡು ಟ್ರ್ಯಾಕ್ಟರ್ ಲೋಡು ಸಾಗಿಸಿ, ಫಿನಾಯಿಲ್ ಹಾಕಿ ತೊಳೆಸುವುದು. ಒಳ್ಳೆಯ ಉದ್ದೇಶವೇ. ಬಂದವಳು ಖಾಲಿ ಪಡಸಾಲೆ ನೋಡಿ ನೆಲದ ಮೇಲೆ ಕುಳಿತು ಅಳುತ್ತಾಳೆ, ಆಮೇಲೆ ಮಗನ ಜೊತೆ ಮಾತು ಬಿಡುತ್ತಾಳೆ, ಆಮೇಲೆ ಮೊದಲಿಗಿಂತ ಬೇಗ ತುಂಬಿಸುತ್ತಾಳೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಣ್ಣ ಊರೊಂದರ ಆರೋಗ್ಯ ಇಲಾಖೆ ಇಂಥ ಒಂದು ಮನೆ ತೆರವು ಮಾಡಿಸಲು 16,000 ಡಾಲರ್, ಅಂದರೆ ತನ್ನ ಬಜೆಟ್ಟಿನ ದೊಡ್ಡ ಪಾಲನ್ನೇ ಸುರಿದು, ಒಂದೂವರೆ ವರ್ಷದಲ್ಲಿ ಮತ್ತೆ ಅದೇ ಮನೆಯ ಮುಂದೆ ನಿಂತದ್ದು ಈ ವಿಷಯದ ಬರಹಗಳಲ್ಲೆಲ್ಲ ಬರುವ ಕಥೆ. ರಾಶಿ ಹೋಯಿತು, ತೀರ್ಮಾನ ಮಾಡಲಾಗದ ಸಂಕಟ ಹಾಗೇ ಉಳಿಯಿತು, ಅದರ ಮೇಲೆ ಮಕ್ಕಳ ಮೇಲಿನ ನಂಬಿಕೆಯೂ ಹೋಯಿತು.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ, ಅಪಾಯ ನಿಜ. ನ್ಯೂಯಾರ್ಕಿನ ಕೋಲಿಯರ್ ಸೋದರರ ಕಥೆ ಪ್ರಸಿದ್ಧ. 1947ರ ಮಾರ್ಚಿನಲ್ಲಿ ಪೊಲೀಸರು ಅವರ ಮನೆಗೆ ನುಗ್ಗಿದಾಗ ಅಣ್ಣ ಹೋಮರ್ ಸತ್ತು ಕುಳಿತಿದ್ದ. ತಮ್ಮ ಲ್ಯಾಂಗ್ಲಿಯ ಹೆಣ ಸಿಕ್ಕಿದ್ದು ಎರಡು ವಾರ ಕಳೆದ ಮೇಲೆ, ಕೆಲವೇ ಅಡಿ ದೂರದಲ್ಲಿ, ತಾನೇ ಒಟ್ಟಿದ್ದ ರಾಶಿಯಡಿಯಲ್ಲಿ. ಕುರುಡನಾಗಿದ್ದ ಅಣ್ಣನಿಗೆ ಊಟ ಒಯ್ಯುವಾಗ ರಾಶಿ ಕುಸಿದಿತ್ತು. ನೂರು ಟನ್ನಿಗೂ ಮೀರಿದ ಸಾಮಾನು ಆ ಮನೆಯಿಂದ ಹೊರಬಿತ್ತು.

ನಮ್ಮ ಹಳ್ಳಿಮನೆಯ ಅಪಾಯಗಳ ಪಟ್ಟಿ ನ್ಯೂಯಾರ್ಕಿನದಲ್ಲ. ಇಲ್ಲಿ ರಾಶಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಸೌದೆ ಒಲೆಗೆ ಮೊಳದ ದೂರದಲ್ಲಿ ಪ್ಲಾಸ್ಟಿಕ್, ಹಳೇ ಬಟ್ಟೆ. ಚೀಲಕ್ಕೆ ಕಾಲು ತೊಡರಿ ಬಿದ್ದರೆ ತೊಡೆಮೂಳೆ ಮುರಿತ, ಎಂಬತ್ತರಲ್ಲಿ ಅದು ಎಷ್ಟೋ ಸಲ ಹಾಸಿಗೆಯಿಂದ ಏಳದ ಪೆಟ್ಟು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ತೊಳೆದು ಎತ್ತಿಟ್ಟ ಔಷಧಿ ಬಾಟಲಿ. ಇಲ್ಲಿ ಔಷಧಿ ಎಂದರೆ ಬೆಳೆಗೆ ಹೊಡೆಯುವ ವಿಷ. ‘ಒಳ್ಳೇ ಗಟ್ಟಿ ಬಾಟ್ಲು’ ಎಂದು ತೊಳೆದು ಎಣ್ಣೆ ತುಂಬಿದ್ದನ್ನು, ಮಂಜುಗಣ್ಣಿನಲ್ಲಿ ಯಾವುದು ಯಾವುದೆಂದು ತಿಳಿಯದೆ ಸಾರಿಗೆ ಬಗ್ಗಿಸಿದರೆ ಮುಗಿಯಿತು.

ಆದ್ದರಿಂದ ಕೆಲಸವನ್ನು ಅಪಾಯದ ಕಡೆಯಿಂದ ಶುರುಮಾಡುವುದು ಜಾಣತನ. ಮನೆ ಖಾಲಿ ಮಾಡುವ ಮಾತೇ ಬೇಡ. ವಿಷದ ಬಾಟಲಿ ಮತ್ತು ಹಳೇ ಮಾತ್ರೆ ಹೊರಗೆ ಹೋಗಲಿ, ಒಲೆಯ ಸುತ್ತ ಎರಡು ಮೊಳ ಬರಿದಾಗಲಿ, ಹಾಸಿಗೆಯಿಂದ ಬಚ್ಚಲಿಗೂ ಬಾಗಿಲಿಗೂ ಕಾಲು ತಡೆಯದ ದಾರಿಯಾಗಲಿ, ಮಂಚ ಮಲಗಲು ಸಿಗಲಿ. ಇಷ್ಟನ್ನು ಹೇಳಿದರೆ ಅಜ್ಜಿ ಒಪ್ಪುವ ಸಾಧ್ಯತೆ ಹೆಚ್ಚು. ಏಕೆಂದರೆ ಇಲ್ಲಿ ಕೇಳುತ್ತಿರುವುದು ಆಕೆಯ ಕಾಲಿನ ಕ್ಷೇಮ, ಆಕೆಯ ಸಾಮಾನಿನ ಬೆಲೆ ಅಲ್ಲ. ‘ಕಸ’ ಎಂಬ ಮಾತು ಬಾಯಿಗೆ ಬರಕೂಡದು. ಆಕೆ ಸಾಮಾನು ಎನ್ನುತ್ತಾಳಾದರೆ ನಾವೂ ಸಾಮಾನು ಎನ್ನಬೇಕು. ಆಕೆ ಮುಟ್ಟದೆ ಯಾರೂ ಮುಟ್ಟಕೂಡದು, ಆಕೆ ಹೇಳದೆ ಯಾವುದೂ ಹೊಸಿಲು ದಾಟಕೂಡದು.

ಗುಂಡ್ಲುಪೇಟೆಯ ಮಗಳು ಬಂದಿದ್ದಾಳೆ ಎನ್ನೋಣ. ಜಗುಲಿಯ ಮೇಲೆ ಇಬ್ಬರೂ ಕೂತು ಒಂದೇ ಒಂದು ಚೀಲ ಬಿಚ್ಚುತ್ತಾರೆ.

‘ಅವ್ವ, ಇದ್ರೊಳಗ ಏನದ?’

‘ಕವ್ರುಗಳು ಕನವ್ವ. ಮಡಗಿವ್ನಿ.’

‘ನಿಂಗ ಸಂತೆಗ ಹೋಗಕ ಎಷ್ಟ್ ಬೇಕು?’

‘ಒಂದೆರಡು ಇದ್ರ ಆಯ್ತದ.’

‘ಗಟ್ಟಿಯಾಗಿರೋವು ಹತ್ತು ನೀನೇ ಆರ್ಸು. ಮಿಕ್ಕವ್ನ ಬೇರೆ ಚೀಲ್ದಲ್ಲಿ ಕಟ್ಟಿ ಜಗಲಿ ಮ್ಯಾಲ ಮಡಗಾವ. ಮುಂದಿನ ವಾರ ಬತ್ತಿನಿ, ಬೇಕಾದ್ರ ವಾಪಸ್ ಎತ್ಕ.’

ನೋಡಲು ಏನೂ ಅಲ್ಲ ಎನ್ನಿಸುವ ಈ ಮಾತುಕತೆಯಲ್ಲಿ ಚಿಕಿತ್ಸೆಯ ಮುಖ್ಯ ತಂತ್ರಗಳೆಲ್ಲ ಇವೆ. ತೊಂಬತ್ತು ತೀರ್ಮಾನ ಹತ್ತಕ್ಕೆ ಇಳಿಯಿತು. ಆರಿಸುವ ಅಧಿಕಾರ ಆಕೆಯ ಕೈಯಲ್ಲೇ ಉಳಿಯಿತು. ಕಟ್ಟಿಟ್ಟ ಚೀಲ ಕಣ್ಣೆದುರು ಇದ್ದೂ ಕೈಗೆ ಸಿಗದ ಆ ಒಂದು ವಾರದಲ್ಲಿ ಸಂಕಟ ಮೊದಲು ಏರಿ, ಆಮೇಲೆ ತಾನಾಗಿ ಇಳಿಯುವುದನ್ನು ಆಕೆ ಅನುಭವಿಸುತ್ತಾಳೆ. ಕೆಲವು ವಾರ ಚೀಲ ವಾಪಸು ಒಳಗೆ ಹೋಗುತ್ತದೆ. ಹೋಗಲಿ. ಮಗಳು ಮುಖ ಕೆಡಿಸಿಕೊಳ್ಳದಿದ್ದರೆ ಅದರ ಮುಂದಿನ ವಾರ ಗ್ರಾಮ ಪಂಚಾಯಿತಿಯ ಕಸದ ಗಾಡಿ ಬಂದಾಗ ಆಕೆಯೇ ಕೊಡಬಹುದು. ಸುಮ್ಮನೆ ಎಸೆಯಲು ಒಪ್ಪದವರು ಯಾರಿಗಾದರೂ ಉಪಯೋಗವಾಗುತ್ತದೆ ಎಂದರೆ ಒಪ್ಪುವುದು ಹೆಚ್ಚು. ಗೋಣಿಚೀಲ ಅರಿಸಿನ ತುಂಬುವವರಿಗೆ, ಸೀರೆ ಹೊದಿಕೆ ಹೊಲಿಯುವವರಿಗೆ. ಜಮೀನಿನ ಕಾಗದಗಳಿಗೆ ಮಾತ್ರ ಪ್ರತ್ಯೇಕ ಪೆಟ್ಟಿಗೆ ಬೇಕು. ಅವು ಭದ್ರವಾಗಿವೆ ಎಂದು ಗೊತ್ತಾದ ಮೇಲೆ ಉಳಿದ ಕಾಗದದ ಮೇಲಿನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ವೈದ್ಯಲೋಕದ ಅನುಭವವೂ ಈ ನಿಧಾನದ ಪರವಾಗಿಯೇ ಇದೆ. ಗೇಲ್ ಸ್ಟೆಕೆಟಿ ಮತ್ತು ಫ್ರಾಸ್ಟ್ ರೂಪಿಸಿದ ಮಾತಿನ ಚಿಕಿತ್ಸೆ ಕಿರಿಯರಲ್ಲಿ ಒಳ್ಳೆಯ ಫಲ ಕೊಟ್ಟರೂ ಮುದುಕರಲ್ಲಿ ಅಷ್ಟಕ್ಕಷ್ಟೆ. 2011ರಲ್ಲಿ ಹನ್ನೆರಡು ಹಿರಿಯರಿಗೆ 26 ಭೇಟಿಗಳಲ್ಲಿ ಕೊಟ್ಟಾಗ ಗಮನಾರ್ಹ ಲಾಭ ಕಂಡದ್ದು ಮೂವರಿಗೆ. ‘ಈ ಆಲೋಚನೆ ಸರಿಯೇ?’ ಎಂದು ತಮ್ಮ ಯೋಚನೆಯನ್ನೇ ತಿರುಗಿಸಿ ನೋಡುವ ಕೆಲಸ ಮುಪ್ಪಿನ ಮಿದುಳಿಗೆ ಭಾರವಾಗುತ್ತಿತ್ತು. ಸ್ಯಾನ್ ಡಿಯಾಗೊದ ಕ್ಯಾಥರಿನ್ ಏಯರ್ಸ್ ಅದನ್ನು ಬದಿಗಿಟ್ಟರು. ಮೊದಲು ಕ್ಯಾಲೆಂಡರ್ ಬಳಸುವುದು, ಪಟ್ಟಿ ಮಾಡುವುದು, ಗುಂಪು ಮಾಡುವುದು, ತೊಡಕು ಬಿಡಿಸುವುದು ಇಂಥ ಅಭ್ಯಾಸ ಕೊಟ್ಟು, ಆಮೇಲೆ ವಸ್ತು ಕೈಗೆತ್ತಿಕೊಂಡು ವಿಂಗಡಿಸುವುದರಲ್ಲೇ ಉಳಿದ ಭೇಟಿಗಳನ್ನು ಕಳೆದರು. 58 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಕ್ಷಣಗಳು ಸುಮಾರು ಶೇ 38ರಷ್ಟು ತಗ್ಗಿದವು. ಹೋಲಿಕೆಗೆ ಇಟ್ಟುಕೊಂಡ ಗುಂಪಿನವರಿಗೆ ಸಿಕ್ಕಿದ್ದು ಹಿರಿಯರ ಬೇಕುಬೇಡ ವಿಚಾರಿಸುವ ಕಾರ್ಯಕರ್ತರ ನೆರವು ಮಾತ್ರ. ಅವರಲ್ಲೂ ಶೇ 25ರಷ್ಟು ಇಳಿದಿತ್ತು. ಈ ಎರಡನೆಯ ಸಂಖ್ಯೆ ನನಗೆ ಹೆಚ್ಚು ಮುಖ್ಯ. ಮನೋವೈದ್ಯರು ಸಿಗದ ಕಡೆ ಆಶಾ ಕಾರ್ಯಕರ್ತೆಯೋ ಸ್ವಸಹಾಯ ಸಂಘದ ಹೆಂಗಸೋ ವಾರಕ್ಕೊಮ್ಮೆ ಜಗುಲಿಯಲ್ಲಿ ಕೂತರೂ ಏನಾದರೂ ಆಗುತ್ತದೆ ಎಂಬ ಭರವಸೆ ಅದರಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ತೊಂದರೆ ದಾಟಿ ಬಂದವರು ನಡೆಸಿದ ಗುಂಪುಗಳು ಮನಶ್ಶಾಸ್ತ್ರಜ್ಞರು ನಡೆಸಿದ ಗುಂಪುಗಳಿಗೆ ಸಮವಾದ ಫಲ ಕೊಟ್ಟಿವೆ. ಇದಕ್ಕೇ ಎಂದು ಮಂಜೂರಾದ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ ಮಾತ್ರೆ ಕೊಟ್ಟರೆ ವಿಂಗಡಿಸಲು ಕೂರುವ ಉತ್ಸಾಹವಾದರೂ ಬರುತ್ತದೆ.

ಉಮ್ಮತ್ತೂರಿನ ಕಡೆಯವರಿಗೆ ಹೋಗಲು ಜಾಗವಿದೆ. ಚಾಮರಾಜನಗರದಲ್ಲಿ 2016ರಲ್ಲಿ ಶುರುವಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಡ. ಹಿರಿಯರ ಸಹಾಯವಾಣಿ 14567. ಅಜ್ಜಿ ಬರಲು ಒಪ್ಪದಿದ್ದರೆ ಮಗಳೊಬ್ಬಳೇ ಹೋಗಿ ಮಾತಾಡಿ ಬರಬಹುದು. ಹೋಗುವಾಗ ಮೊಬೈಲಿನಲ್ಲಿ ಮನೆಯ ಫೋಟೊ ಇದ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ. ಆ ಫೋಟೊವನ್ನು ಅವ್ವನಿಗೆ ಹೇಳಿಯೇ ತೆಗೆಯಬೇಕು. ಮನೆ ತುಂಬಿದೆ ಎಂಬ ಕಾರಣಕ್ಕೆ ಯಾರನ್ನೂ ಎಳೆದೊಯ್ದು ಚಿಕಿತ್ಸೆ ಕೊಡಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರತಿಯೊಬ್ಬರಿಗೂ ತಮ್ಮ ಚಿಕಿತ್ಸೆಯ ತೀರ್ಮಾನ ಮಾಡುವ ಸಾಮರ್ಥ್ಯವಿದೆ ಎಂದೇ ಹಿಡಿಯುತ್ತದೆ. ಇಲ್ಲವೆಂದು ಹೇಳುವವರು ಅದನ್ನು ತೋರಿಸಿಕೊಡಬೇಕು.

ಆರು ತಿಂಗಳ ನಂತರವೂ ಆ ಮನೆ ನೆಂಟರ ಕಣ್ಣಿಗೆ ತುಂಬಿದ ಮನೆಯಂತೆಯೇ ಕಾಣಬಹುದು. ಶೇ 38 ಎಂದರೆ ಮೂರು ಸಾಲು ಗೋಣಿಚೀಲದಲ್ಲಿ ಇನ್ನೂ ಎರಡು ಸಾಲು ಉಳಿದಿರುತ್ತವೆ. ಬೆಂಗಳೂರಿನ ಮಗ ಫೋನಿನಲ್ಲಿ ‘ಏನೂ ಆಗೇ ಇಲ್ಲವಲ್ಲ’ ಎಂದು ರೇಗುವುದೂ ಆಗಲೇ. ಅವನು ಕೇಳಬೇಕಾದ್ದು ಬೇರೆ: ಅವ್ವ ಈಗ ಮಂಚದ ಮೇಲೆ ಮಲಗುತ್ತಾಳೆಯೇ, ಒಲೆಯ ಬಳಿ ಬಟ್ಟೆ ಇದೆಯೇ, ಬಾಗಿಲು ಪೂರ್ತಿ ತೆಗೆಯುತ್ತದೆಯೇ, ಮಾರ್ನಮಿಗೆ ಒಂದು ಗೋಡೆಗಾದರೂ ಸುಣ್ಣ ಬಿತ್ತೇ.